ನಾಲ್ಕು ತಾಲೂಕಿನ ಕೊರಳು

ಕೊರಳು ಮುಟ್ಟಿ ಗಂಟು ಹುಡುಕುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡದ್ದು ನನ್ನ ಬಾಯಿ ನೋಡಿ. ಹಿರೇಕೆರೂರಿನಿಂದ ಹಂಸಭಾವಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡಿನ ಫೋಟೋ ನೋಡಿ, ಇದು ನೀವಲ್ಲ ಅಂದ. ಫೋಟೋದಲ್ಲಿದ್ದವಳು ಮುದುಕಿ ಆಗಿದ್ದಾಳೆ, ಅದಕ್ಕೂ ನಿನಗೆ ಟಿಕೆಟ್ ಬೇಕೇನು ಎಂದು ನಾನು ಇಡೀ ಬಸ್ಸಿಗೆ ಕೇಳುವಂತೆ ಕೇಳಿದೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ನಕ್ಕಳು. ಊರು ಬಂದಾಗ ಅವಳೂ ನನ್ನ ಸಂಗಡ ಇಳಿದಳು.

"ಅಮ್ಮಾರ, ಓದಲಿಕ್ಕೆ ಬರೀಲಿಕ್ಕೆ ಬರ್ತದೇನ್ರಿ?"

"ನಾಲ್ಕನೇತ್ತಾ ಮಟ ಕಲ್ತೇನಿ. ಬರಿಯಾಕ ಬರ್ತೈತಿ. ನಾ ಬರದದ್ದು ನಿಮಗ ಓದಾಕ ಬರ್ತೈತೋ ಇಲ್ಲೋ, ಅದು ಬ್ಯಾರೆ ಮಾತು."

ಅವಳು ಡಾಕ್ಟರಬಾಯಿ. ಮೈಯಲ್ಲಿ ಕೊರಳು, ಬಗಲು, ತೊಡೆಸಂದಿಯಲ್ಲಿ ಸಣ್ಣ ಸಣ್ಣ ಗ್ರಂಥಿಗಳಿರುತ್ತವಂತೆ. ಅವುಗಳಲ್ಲೇ ಹುಟ್ಟುವ ಒಂದು ಜಾತಿಯ ಕ್ಯಾನ್ಸರಿಗೆ ಲಿಂಫೋಮಾ ಅನ್ನುತ್ತಾರಂತೆ. ನಾವು ಅದನ್ನು ಗಂಟಿನ ಬ್ಯಾನಿ ಅಂದೆವು, ಮುಂದೆ ಡಾಕ್ಟರಬಾಯಿಯೂ ಹಾಗೇ ಅನ್ನತೊಡಗಿದಳು. ಈ ಬ್ಯಾನಿ ಪಟ್ಟಣದವರಲ್ಲಿ ಹೆಚ್ಚು, ಹಳ್ಳಿಯವರಲ್ಲಿ ಕಡಿಮೆ ಎಂದು ದೊಡ್ಡ ದವಾಖಾನೆಯ ಲೆಕ್ಕ ಹೇಳುತ್ತಿತ್ತು. ಅದು ಖರೇ ಏನು? ಹಾನಗಲ್ಲಿಗೂ ಶಿಗ್ಗಾವಿಗೂ, ಸವಣೂರಿಗೂ ಹಿರೇಕೆರೂರಿಗೂ ಫರಕು ಉಂಟೇನು? ಚೀಟಿ ಎತ್ತಿ ಆರಿಸಿದ ಊರುಗಳಲ್ಲಿ ಮನೆ ಮನೆಗೆ ಹೋಗಿ ನೋಡಬೇಕಾಗಿತ್ತು.

"ನೋಡಿ ಏನ್ ಮಾಡ್ತೀರಿ?" ಎಂದೆ.

"ಸೂಜಿ ಹಾಕಿ ಗಂಟು ಪರೀಕ್ಷಾ ಮಾಡೋ ಡಾಕ್ಟರು ತಿಂಗಳಿಗೊಮ್ಮೆ ಒಂದು ಕಡೆ ಬಂದು ಕೂಡತಾರ. ಒಂದೇ ಕಡೆ. ಹಳ್ಳಿಯೊಳಗ ಬ್ಯಾನಿ ಅದ ಅಂತ ಗೊತ್ತಾದ್ರ ಹಂಸಭಾವಿ. ಇಲ್ಲಂದ್ರ ಜಿಲ್ಲಾ ಊರು."

ನನಗೆ ಅಷ್ಟು ಸಾಕಾಯಿತು. ನನ್ನ ಓಣಿಯಲ್ಲೇ ಒಬ್ಬಾಕೆ ಕೊರಳಲ್ಲಿ ಗಂಟು ಇಟ್ಟುಕೊಂಡು, ಹುಬ್ಬಳ್ಳಿಗೆ ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಅನ್ನುತ್ತಲೇ ಸತ್ತಿದ್ದಳು. ಬಸ್ಸು ಹೆಂಗಸರಿಗೆ ಪುಕ್ಕಟೆ, ದಿನ ಪುಕ್ಕಟೆ ಅಲ್ಲ. ಒಂದು ದಿನದ ಕೂಲಿ ಬಿಟ್ಟು ಹೋದರೆ ನಾಳೆ ಬಾ ಅನ್ನುತ್ತಾರೆ, ಆ ನಾಳೆಗೆ ಮತ್ತೊಂದು ಕೂಲಿ. ಹಂಸಭಾವಿಯಲ್ಲೇ ಸೂಜಿ ಹಾಕಿದರೆ ಕಳೆ ತೆಗೆಯುವುದನ್ನು ಮುಗಿಸಿ ಬಂದೂ ತೋರಿಸಬಹುದು. ಹಂಸಭಾವಿಗೆ ಆ ಡಾಕ್ಟರನ್ನು ತರಬೇಕೆಂದು ನಾನು ಈ ಕೆಲಸಕ್ಕೆ ಹೂಂ ಅಂದೆ.

ಕೆಲಸಕ್ಕೆ ಇಬ್ಬರು ಬೇಕಾಗಿತ್ತು. ಒಬ್ಬಳು ಕೇಳಿ ಬರೆಯಬೇಕು, ಒಬ್ಬಳು ಮುಟ್ಟಿ ನೋಡಬೇಕು. ವಯಸ್ಸಾದ ಹೆಂಗಸರೇ ಆಗಬೇಕು, ಬಗಲು ತೊಡೆ ಮುಟ್ಟಲು ಹುಡುಗರನ್ನು ಯಾರು ಬಿಡುತ್ತಾರೆ? ನಾನು ನನ್ನ ಬೀಗತಿಯನ್ನು ತೋರಿಸಿದೆ. ನನ್ನ ಮಗಳ ಅತ್ತೆ. ಅಕ್ಕಿಆಲೂರಿನ ಹತ್ತಿರದ ಊರು, ಗಂಡ ಇಲ್ಲ, ಕಡಕ್ ರೊಟ್ಟಿ ಮಾಡಿ ಮದುವೆ ಮನೆಗಳಿಗೂ ಖಾನಾವಳಿಗಳಿಗೂ ಕೊಡುತ್ತಾಳೆ. ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಬಡಿಯುವ ಕೈ. ಅವಳು ಮುಟ್ಟಿದರೆ ಮಲಗಿದ ಕೂಸೂ ಏಳುವುದಿಲ್ಲ. ನಾನು ಮುಟ್ಟಿದರೆ ಓಣಿ ಏಳುತ್ತದೆ.

ಡಾಕ್ಟರಬಾಯಿ ನಮಗೆ ಕಲಿಸಿದಳು. ಬೆರಳ ತುದಿಯಿಂದ ಒತ್ತಬಾರದು, ಮೂರು ಬೆರಳಿನ ಮೆತ್ತನೆಯ ಭಾಗದಿಂದ ಹಗುರವಾಗಿ ಉರುಳಿಸಬೇಕು. ಮೊದಲು ಗದ್ದದ ಕೆಳಗೆ, ಆಮೇಲೆ ಕಿವಿಯ ಹಿಂದೆ, ಕೊರಳಿನ ಎರಡು ಬದಿ, ಹೆಗಲ ಎಲುಬಿನ ಮೇಲಿನ ಕುಳಿ, ಬಗಲು, ಕೊನೆಗೆ ತೊಡೆಸಂದಿ. ಕಡಲೆಕಾಳಿನಷ್ಟಿದ್ದರೆ ಬಿಡಬಹುದು, ಅಡಕೆಯಷ್ಟಿದ್ದರೆ ಬಿಡಬಾರದು. ನೋವಿದ್ದರೆ ಹಲ್ಲಿನದೋ ಗಂಟಲಿನದೋ ಬಾವು ಇರಬಹುದು. ನೋವಿಲ್ಲದೆ, ರಬ್ಬರಿನ ಹಾಗೆ ಬೆರಳಿಗೆ ಸಿಕ್ಕು ಜಾರುವ ಗಂಟು, ತಿಂಗಳಾದರೂ ಕರಗದ್ದು, ಅದನ್ನು ತಪ್ಪದೆ ಹೇಳಬೇಕು. ಟಿ.ಬಿ.ಯಿಂದಲೂ ಕೊರಳಲ್ಲಿ ಗಂಟಾಗುತ್ತದೆ. ಯಾವುದು ಯಾವುದೆಂದು ತೀರ್ಮಾನ ಮಾಡುವುದು ನಮ್ಮ ಕೆಲಸ ಅಲ್ಲ, ಅದು ಸೂಜಿಯ ಕೆಲಸ.

ಕೇಳುವ ಪ್ರಶ್ನೆಗಳೂ ಇದ್ದವು. "ತೂಕ ಇಳದೈತೇನ್ರಿ?" ಎಂದು ಹಾನಗಲ್ಲಿನ ಕಡೆ ಮೊದಲ ವಾರ ಕೇಳಿದೆ. ಒಬ್ಬಾಕೆ, "ತೂಕ ಮಾಡಾಕ ನಾ ಏನ್ ಭತ್ತದ ಚೀಲೇನ್ರಿ?" ಅಂದಳು. ಮರುದಿನದಿಂದ, ಕುಪ್ಪಸ ಸಡಿಲಾಗಿದೆಯೇ, ಬಳೆ ಮೊಣಕೈತನಕ ಜಾರುತ್ತವೆಯೇ ಎಂದು ಕೇಳಿದೆ. ತಟ್ಟನೆ ಉತ್ತರ ಬಂತು. ರಾತ್ರಿ ಬೆವರು, ಸುಮ್ಮಸುಮ್ಮನೆ ಜ್ವರ, ಇವನ್ನೂ ಕೇಳುತ್ತಿದ್ದೆವು. ಕೊನೆಯ ಪ್ರಶ್ನೆ: ಈ ಮನೆಯಲ್ಲಿ ಯಾರಿಗಾದರೂ ಗಂಟಿನ ಬ್ಯಾನಿಗೆ ಈಗಾಗಲೇ ಔಷಧ ನಡೆದಿದೆಯೇ?

ಹಾನಗಲ್ ಆದ ಮೇಲೆ ಶಿಗ್ಗಾವಿ ತಾಲೂಕು ಹಿಡಿದೆವು. ಬಂಕಾಪುರದ ಕಡೆ ನಮ್ಮನ್ನು ಆಪರೇಷನ್ ಮಾಡಿಸಲು ಬಂದವರೆಂದು ತಿಳಿದು ಒಂದು ಓಣಿಯವರೇ ಬಾಗಿಲು ಹಾಕಿಕೊಂಡರು. ನಾನು ಕಟ್ಟೆಯ ಮೇಲೆ ಹತ್ತಿ ನಿಂತು, "ಮಕ್ಕಳಾಗೂದ್ ಬಿಟ್ಟ ಮುದುಕ್ಯಾರನ್ನ ಯಾವ ಆಪರೇಷನ್‌ಗಿ ಕಳಸ್ತಾರ, ಹೊರಗ ಬರ್ರಿ" ಎಂದು ಕೂಗಿದೆ. ನಗುತ್ತಾ ಬಂದರು. ನನ್ನ ಬಾಯಿಯಿಂದ ಬಾಗಿಲು ತೆರೆಯುತ್ತದೆ ಎಂದು ನಾನು ತಿಳಿದಿದ್ದೆ. ಬಾಗಿಲೇನೋ ತೆರೆಯುತ್ತಿತ್ತು.

ಶಿಗ್ಗಾವಿ ಮುಗಿಯುವ ಹೊತ್ತಿಗೆ ಬೀಗತಿ ರಜೆ ಕೇಳಿದಳು. ತಿರುಪತಿಗೆ ಹರಕೆ ಇದೆ, ಮುಡಿ ಕೊಟ್ಟು ಬರುತ್ತೇನೆ ಅಂದಳು. ಕೆಲವು ವಾರ ಬಿಟ್ಟು ಬಂದಳು, ತಲೆ ಬೋಳು, ಸೆರಗು ಹಣೆಯತನಕ. ನನಗೆ ಲಾಡು ಕೊಟ್ಟಳು. ಕಣ್ಣಿಗೆ ಒತ್ತಿಕೊಂಡು ತಿಂದೆ, ಮಿಕ್ಕದ್ದನ್ನು ಓಣಿಗೆಲ್ಲ ಹಂಚಿದೆ. ಆಮೇಲೆ ಆಗಾಗ, ಹುಬ್ಬಳ್ಳಿಯಲ್ಲಿರುವ ತಂಗಿಗೆ ಮೈಯಲ್ಲಿ ಸರಿಯಿಲ್ಲ ಎಂದು ಎರಡೆರಡು ದಿನ ಹೋಗುತ್ತಿದ್ದಳು. ಹೋಗಲಿ, ತಂಗಿ ಅಲ್ಲವೇ ಎಂದು ಅವಳ ಪಾಲಿನ ಮನೆಗಳನ್ನೂ ನಾನೇ ನೋಡಿದೆ.

ಸವಣೂರಿನಲ್ಲಿ ಪರದೆಯ ಮನೆಗಳೊಳಗೆ ಅವಳೊಬ್ಬಳೇ ಹೋಗುತ್ತಿದ್ದಳು, ನಾನು ಹೊರಗಿನ ಪಡಸಾಲೆಯಲ್ಲಿ ಕುಳಿತು ಕೂಗಿ ಕೇಳಿ ಬರೆಯುತ್ತಿದ್ದೆ. ಒಳಗಿನಿಂದ, "ಏನಿಲ್ಲ, ಬರ್ಕೋರಿ" ಅನ್ನುತ್ತಿದ್ದಳು. ಬರೆದುಕೊಂಡೆ. ಹಿರೇಕೆರೂರಿನ ಊರುಗಳಲ್ಲಿ ಹಗಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವು ತಾಗಿಸುವ ಕೆಲಸಕ್ಕೆ ಹೆಂಗಸರೆಲ್ಲ ಹೊಲಕ್ಕೆ ಹೋಗಿರುತ್ತಿದ್ದರು. ನಾವೂ ಹೊಲಕ್ಕೇ ಹೋಗಿ ಬದುವಿನ ಮೇಲೆ ಕೂರಿಸಿ ನೋಡಿದೆವು. ಒಂದು ದಿನ ಬಿಸಿಲಲ್ಲಿ ಬೀಗತಿಯ ಮುಖ ನೋಡಿ ನಾನು ಅಂದೆ, "ಏನ್ರಿ ಬೀಗತ್ಯಾರ, ಈ ವಯಸ್ಸಿನಾಗ ಹುಬ್ಬಿಗಿ ಕಾಡಿಗಿ? ಯಾರ್ನ ನೋಡಾಕ ಹೊಂಟೀರಿ?"

"ಬೋಳ ತೆಲಿಗೆ ಅಷ್ಟರ ಶೃಂಗಾರ ಬ್ಯಾಡೇನ್ರಿ?" ಅಂದಳು. ಬದುವಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಕೆಲಸ ಮುಗಿದಾಗ ಡಾಕ್ಟರಬಾಯಿ ಲೆಕ್ಕ ಹಾಕಿ ನನ್ನನ್ನು ಕರೆದಳು. ದವಾಖಾನೆಯಲ್ಲಿ ಕೊಟ್ಟ ವಿಳಾಸದ ಪ್ರಕಾರ ಹುಬ್ಬಳ್ಳಿ, ಹಾವೇರಿಯಂಥ ಊರುಗಳಲ್ಲಿ ಬ್ಯಾನಿ ಇದ್ದವರು ಬಹಳ. ನಾವು ತಿರುಗಿದ ಹಳ್ಳಿಗಳಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಹಿರೇಕೆರೂರು ಎಲ್ಲಕ್ಕಿಂತ ಸ್ವಚ್ಛ.

"ಅಮ್ಮಾರ, ಹಳ್ಳಿಯೊಳಗ ಇಲ್ಲೇನು, ಅಥವಾ ನಮಗ ಹೇಳಿಲ್ಲೇನು?"

"ನನ್ನ ಮುಂದ ಯಾರೂ ಸುಳ್ಳ ಹೇಳೂದಿಲ್ರಿ. ಹೇಳಿದ್ರ ಮುಖದ ಮ್ಯಾಲೆ ಕೇಳ್ತೇನಿ, ಎಲ್ಲಾರಿಗೂ ಗೊತ್ತೈತಿ."

ಆಣೆ ಮಾಡಿದ ಹಾಗೆ ಹೇಳಿದೆ. ಹಂಸಭಾವಿ ಕೈತಪ್ಪಿತು. ಆದರೆ ಇಲ್ಲದ ಬ್ಯಾನಿಯನ್ನು ಇದೆ ಅನ್ನಲಿಕ್ಕೆ ಬರುತ್ತದೆಯೇ? ಸೂಜಿಯ ಡಾಕ್ಟರು ಎಲ್ಲಿ ಕೂರಬೇಕೆಂದು ಗೊತ್ತುಮಾಡುವ ಮೀಟಿಂಗಿನಲ್ಲಿ ಇದನ್ನೇ ಹೇಳುವುದೆಂದು ಆಯಿತು.

ಅದೇ ವಾರ ಅಕ್ಕಿಆಲೂರಿನ ಸಂತೆಗೆ ಹೋದವಳು ಹೇಳದೆ ಕೇಳದೆ ಮಗಳ ಮನೆಗೆ ಹೋದೆ. ಯಾರದೋ ಮದುವೆಯ ರೊಟ್ಟಿ ಕೆಲಸ ನಡೆದಿತ್ತು. ಮಗಳು ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು, ಬೀಗತಿ ಹಂಚಿನ ಮುಂದೆ ಕುಳಿತಿದ್ದಳು. ಒಲೆಯ ಉರಿಗೆ ಮುಖದಲ್ಲಿ ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿ, "ಬರ್ರಿ ಬೀಗತ್ಯಾರ, ಕುಂಡ್ರಿ" ಎಂದು ಮುಂಗೈಯಿಂದ ಹಣೆ ಒರೆಸಿಕೊಂಡಳು. ಎಡಗಡೆಯ ಹುಬ್ಬು ಕೈಗೆ ಬಂತು. ಹಣೆಯಿಂದ ಕಿವಿಯತನಕ ಕಪ್ಪು ಗೆರೆ, ಹುಬ್ಬಿದ್ದ ಜಾಗದಲ್ಲಿ ಒಂದು ಕೂದಲೂ ಇಲ್ಲ.

ನಾನು ಕುಳಿತುಕೊಳ್ಳಲಿಲ್ಲ.

"ತಿಮ್ಮಪ್ಪಗ ಮುಡಿ ಕೊಡ್ತಾರ. ಹುಬ್ಬೂ ಕೊಡ್ತಾರೇನ್ರಿ?"

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಮಗಳು ಎದ್ದು ಬಂದು ಅದನ್ನು ತಿರುವಿ ಹಾಕಿದಳು. ನನ್ನ ಮುಖ ನೋಡಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು, ಇವಳಿಗೂ ಗೊತ್ತು.

"ಯಾವಾಗಿಂದ?" ಎಂದೆ.

"ಶಿಗ್ಗಾವಿ ಮುಗಿಯೂ ಮುಂದ," ಅಂದಳು ಬೀಗತಿ. "ಜಳಕಾ ಮಾಡಾಗ ಬಗಲಾಗ ಸಿಕ್ತು. ಬಾಯಾರು ಕಲಿಸಿದ್ರಲ್ಲ, ರಬ್ಬರಿನ ಹಂಗ ಅಂತ. ಹಂಗ ಇತ್ತು. ಹುಬ್ಬಳ್ಯಾಗ ಸೂಜಿ ಹಾಕಿದ್ರು, ಕಿಮೋ ಸುರು ಮಾಡಿದ್ರು. ಈಗ ಗಂಟು ಇಳದೈತ್ರಿ."

"ವಿಳಾಸ ಯಾವುದು ಕೊಟ್ಟಿ?"

ಅಷ್ಟು ವರ್ಷ ರೀ ರೀ ಅಂದವಳು ಅಂದು ಏಕವಚನಕ್ಕೆ ಇಳಿದೆ. ಅವಳು ಇಳಿಯಲಿಲ್ಲ.

"ತಂಗಿ ಮನೀದು ಕೊಟ್ಟೇನ್ರಿ. ಊರಿಂದು ಕೊಟ್ರ ನಮ್ಮೂರ ಆಶಾ ಕಾರ್ಯಕರ್ತಿ ಬಾಗಲಿಗೆ ಬಂದು ಕೇಳ್ತಾಳ. ಓಣಿಗೆಲ್ಲ ಗೊತ್ತಾಕ್ಕೈತಿ. ಕ್ಯಾನ್ಸರ್ ಆದಾಕಿ ಬಡದ ರೊಟ್ಟಿ ಯಾರ ತಿಂತಾರ್ರಿ? ಅದು ಅಂಟೂದಿಲ್ಲ ಅಂತ ನನಗ ಗೊತ್ತೈತಿ, ನಿಮಗ ಗೊತ್ತೈತಿ. ಮದುವಿ ಮನಿಯವ್ರಿಗೆ ಗೊತ್ತೈತೇನ್ರಿ?"

"ನನಗ ಯಾಕ ಹೇಳಲಿಲ್ಲ?"

ಆಗ ಮಗಳು ತಿರುಗಿದಳು. ಕೈತುಂಬ ಹಿಟ್ಟು. "ನಾನ ಬ್ಯಾಡ ಅಂದೆ ಅವ್ವಾ. ನಿನಗ ಹೇಳೂದೂ ಒಂದ, ಸಂತ್ಯಾಗ ಡಂಗುರ ಹೊಡಿಸೂದೂ ಒಂದ. ಬಂಕಾಪುರದಾಗ ಕಟ್ಟಿ ಮ್ಯಾಲೆ ಹತ್ತಿ ಒದರಿದ್ದು ಇಲ್ಲೀ ಮಟ ಕೇಳೇತಿ."

"ಲಾಡು?" ಎಂದೆ.

"ಬಾಜೂ ಮನಿಯವರು ತಿರುಪತಿಗೆ ಹೋಗಿ ಬಂದಿದ್ರು," ಅಂದಳು ಬೀಗತಿ.

ನಾನು ಹೊರಡಲು ಚೀಲ ಎತ್ತಿಕೊಂಡಾಗ ಅವಳು ಇನ್ನೊಂದು ಮಾತು ಹೇಳಿದಳು. ಹೇಳದಿದ್ದರೂ ನಡೆಯುತ್ತಿತ್ತು. ಎಲ್ಲ ಒಮ್ಮೆಲೇ ಬಿಡುಗಡೆ ಮಾಡಿಕೊಂಡಳು ಅನಿಸುತ್ತದೆ. ಹುಬ್ಬಳ್ಳಿಯ ದವಾಖಾನೆಯ ಬೆಂಚಿನ ಮೇಲೆ ಅವಳ ಹಾಗೇ ಕುಳಿತ ಹೆಂಗಸರು ನಮ್ಮ ನಾಲ್ಕೂ ತಾಲೂಕಿನವರು. ಅಕ್ಕನ ಮನೆ, ಮೈದುನನ ಮನೆ, ಮಗ ಬಾಡಿಗೆಗಿದ್ದ ಕೋಣೆ, ಒಬ್ಬೊಬ್ಬರದು ಒಂದೊಂದು ಪಟ್ಟಣದ ವಿಳಾಸ. ಇಲ್ಲಿ ಕಂಡದ್ದು ಇಲ್ಲಿಗೇ ಎಂದು ಅವರವರೊಳಗೆ ಮಾತಾಗಿತ್ತು. ಸವಣೂರಿನ ಪರದೆಯೊಳಗೆ, ಹಿರೇಕೆರೂರಿನ ಬದುವಿನ ಮೇಲೆ, ಆ ಬೆಂಚಿನ ಗೆಳತಿಯರು ಎದುರಿಗೆ ಸಿಕ್ಕಾಗ ಇವಳು ಕೊರಳು ಮುಟ್ಟಿದ ಹಾಗೆ ಮಾಡಿ, "ಏನಿಲ್ಲ, ಬರ್ಕೋರಿ" ಅಂದಿದ್ದಳು.

"ಹೊಸಾ ಗಂಟು ಇದ್ದಾಕಿನ್ನ ಒಬ್ಬಾಕಿನ್ನೂ ಬಿಟ್ಟಿಲ್ರಿ," ಅಂದಳು. "ಬಾಯಾರ ಕಡೆ ಕಳಿಸೇನಿ. ಔಷಧ ಸುರು ಆದವರನ್ನ ಅಷ್ಟ ಬಿಟ್ಟೇನಿ. ಅವರಿಗೇನ್ ತ್ರಾಸ ಆತ್ರಿ?"

ಅವರಿಗೆ ಏನೂ ತ್ರಾಸ ಆಗಿರಲಿಲ್ಲ. ಹಳ್ಳಿಯವರೇ ಹಳ್ಳಿಯ ಬ್ಯಾನಿಯನ್ನು ಒಯ್ದು ಪಟ್ಟಣದ ಲೆಕ್ಕಕ್ಕೆ ಹಾಕಿದ್ದರು. ಆ ಲೆಕ್ಕ ನೋಡಿ ಸೂಜಿಯ ಡಾಕ್ಟರು ಪಟ್ಟಣದಲ್ಲೇ ಕೂರುತ್ತಾರೆ. ನಾಳೆ ನಾಡಿದ್ದು ಅನ್ನುವವರು ನಾಳೆ ನಾಡಿದ್ದು ಅನ್ನುತ್ತಲೇ ಸಾಯುತ್ತಾರೆ. ಇದು ಆ ಬೆಂಚಿನ ಮೇಲೆ ಕುಳಿತ ಒಬ್ಬಳಿಗೂ ಹೊಳೆದಿರಲಿಲ್ಲವೇ? ನನ್ನ ಬೀಗತಿಗಂತೂ ಗೊತ್ತಿತ್ತು. ಹಂಸಭಾವಿ, ಹಂಸಭಾವಿ ಎಂದು ನಾನು ಬಸ್ಸಿನಲ್ಲಿ ದಿನಾ ಅವಳ ಕಿವಿ ಕೊರೆದಿದ್ದೆ.

ಚಹಾ ಕುಡಿಯದೆ ಬಂದೆ. ಮರುದಿನ ಡಾಕ್ಟರಬಾಯಿಯ ಮುಂದೆ ನಿಂತು, "ನಾ ಬರದದ್ದು ಸುಳ್ಳೈತ್ರಿ, ಹರದ್ ಒಗೀರಿ. ಖರೇದ್ದು ಹೇಳ್ತೇನಿ, ಬರ್ಕೋರಿ" ಎಂದು ಬೀಗತಿಯ ಹೆಸರು ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಹೆಸರು ಬ್ಯಾಡ್ರಿ ಅಮ್ಮಾರ. ಅವರ ಬಾಯಿಂದ ಬಂದ್ರ ಅದು ಲೆಕ್ಕ. ನಿಮ್ಮ ಬಾಯಿಂದ ಬಂದ್ರ ಚಾಡಿ."

"ಮತ್ತ ಹಳ್ಳಿಯಾಗ ಬ್ಯಾನಿ ಇಲ್ಲಂತ ಬರದ್ ಕಳಸ್ತೀರೇನು?"

"ಇಲ್ಲ. ಮೀಟಿಂಗ್ ಮುಂದ ಹಾಕಸ್ತೀನಿ. ಮತ್ತೊಮ್ಮೆ ಹೋಗೋಣ. ಆದ್ರ ಹೋದ್ಸಲದ ಹಂಗ ಕೇಳಿದ್ರ ಹೋದ್ಸಲದ್ದ ಉತ್ತರ ಬರ್ತದ."

ನಾನು ಮಾತಿಲ್ಲದೆ ಕುಳಿತಿದ್ದು ಅವಳಿಗೆ ಹೊಸದು. ನನಗೂ ಹೊಸದು. ಕೇಳುವವಳು ನಾನಿದ್ದರೆ ಈ ಹೆಂಗಸರು ಹೇಳುವುದಿಲ್ಲ. ಆ ಬೆಂಚಿನ ಮೇಲೆ ಕುಳಿತು ಬಂದವಳು ಕೇಳಿದರೆ ಹೇಳುತ್ತಾರೆ. ನನಗೆ ದಗಾ ಮಾಡಿದವಳಿಗೇ ನನ್ನ ಕೆಲಸ ಕೊಡಬೇಕು. ಬೇರೆ ಹಾದಿ ಇದ್ದಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ, ಇದನ್ನು ಬರೆದಿಡುತ್ತೇನೆ. ಹಾದಿ ಇರಲಿಲ್ಲ.

"ಕೇಳೂದೂ ನನ್ನ ಬೀಗತಿನ ಮಾಡ್ಲಿ," ಎಂದೆ. "ನಾ ಹೊರಗ ಇರ್ತೇನಿ."

ಅವಳನ್ನು ಒಪ್ಪಿಸಲು ನಾನೇ ಹೋಗಬೇಕಾಯಿತು. ಈ ಸಲ ಒಳಗೆ ಕಾಲಿಡಲಿಲ್ಲ, ಕಟ್ಟೆಯ ಮೇಲೆ ಕುಳಿತೆ. ಅವಳು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು.

"ಹೆಸರು ಬರಿಯೂದಿಲ್ಲಂತ. ಉಣ್ಣೂ ಊರು ಯಾವುದು, ಕೆಲಸ ಮಾಡೂ ಊರು ಯಾವುದು, ಅಷ್ಟ ಬರೀತಾರಂತ. ಬಾಯಾರು ಆಣಿ ಮಾಡ್ಯಾರ."

"ನೀವೂ ಕೇಳಬಾರದ್ರಿ ಮತ್ತ."

"ಕೇಳೂದಿಲ್ಲ."

"ನಿಮ್ಮ ಮಗಳ ಕಡಿಂದೂ ತೆಗಸಬಾರದು."

"ನಿನ್ನ ಸೊಸಿ ಕೂಡ ನಾ ಮಾತಾಡಾಕತ್ತಿಲ್ಲ."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಮಗಳು ಕೇಳಿಸಿಕೊಂಡಳು. ಕೇಳಿಸಿಕೊಳ್ಳಲಿ ಎಂದೇ ಅಂದದ್ದು.

ಬೀಗತಿ, "ಕಿಮೋ ಇನ್ನೊಂದ ಸಲ ಐತ್ರಿ. ಅದನ್ನ ಮುಗಿಸಿ ಬರ್ತೇನಿ" ಅಂದಳು.

ಎರಡನೆಯ ಸುತ್ತಿನಲ್ಲಿ ನನ್ನ ಕೆಲಸ ಚೀಲ ಕಾಯುವುದು. ಡಾಕ್ಟರಬಾಯಿಯೂ ಬೀಗತಿಯೂ ಒಳಗೆ ಹೋಗುತ್ತಿದ್ದರು, ನಾನು ಬೇವಿನ ಕೆಳಗೋ, ಬಸ್ ನಿಲ್ದಾಣದಲ್ಲೋ, ಹೊಲವಾದರೆ ಬದುವಿನ ಈಚೆ ತುದಿಯಲ್ಲೋ ಕುಳಿತಿರುತ್ತಿದ್ದೆ. ನೀವ್ಯಾಕ್ರಿ ಒಳಗ ಬರವಲ್ರಿ ಎಂದು ಕೇಳಿದವರಿಗೆ ಮೊಣಕಾಲು ನೋವು ಅನ್ನುತ್ತಿದ್ದೆ. ಮೊದಲ ಸಲ ಹತ್ತು ನಿಮಿಷದಲ್ಲಿ ಮುಗಿದ ಮನೆಗಳಲ್ಲಿ ಈಗ ಮಧ್ಯಾಹ್ನ ಕಳೆಯುತ್ತಿತ್ತು. ಸವಣೂರಿನ ಒಂದು ಮನೆಯಿಂದ ಯಾರೋ ಜೋರಾಗಿ ಅತ್ತದ್ದು ಕೇಳಿಸಿತು, ಆಮೇಲೆ ಅಷ್ಟೇ ಜೋರಾಗಿ ನಕ್ಕದ್ದೂ ಕೇಳಿಸಿತು. ಬೀಗತಿ ತನ್ನ ಬೋಳು ತಲೆ ತೆರೆದು ತೋರಿಸುತ್ತಿದ್ದಳಂತೆ, ಮೊದಲು ತಾನು. ಇದನ್ನು ಡಾಕ್ಟರಬಾಯಿ ಹೇಳಿದಳು, ಬೀಗತಿ ಹೇಳಲಿಲ್ಲ. ಹೊರಗೆ ಬಂದವಳು ಚಪ್ಪಲಿ ಮೆಟ್ಟಿಕೊಂಡು, "ನಡೀರಿ" ಅನ್ನುತ್ತಿದ್ದಳು. ನಾನು ಚೀಲ ಎತ್ತುತ್ತಿದ್ದೆ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕುಳಿತೆವು.

ಹೊಸ ಲೆಕ್ಕ ಬಂತು. ಪಟ್ಟಣದ ಲೆಕ್ಕದಲ್ಲಿದ್ದ ಎಷ್ಟೋ ಮಂದಿ ತಮ್ಮ ತಮ್ಮ ಹಳ್ಳಿಯ ಲೆಕ್ಕಕ್ಕೆ ಮರಳಿದರು. ಹಿರೇಕೆರೂರು ಸ್ವಚ್ಛವಾಗಿ ಉಳಿಯಲಿಲ್ಲ. ಯಾಕೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ನೀರೋ, ಹುಳಕ್ಕೆಂದು ಹೊಲಕ್ಕೆ ಹೊಡೆಯುವ ಎಣ್ಣೆಯೋ, ಮತ್ತೇನೋ ಎಂದು ಕೇಳಿದೆ. ಇಷ್ಟು ನೋಡಿ ಅದನ್ನು ಹೇಳಲಿಕ್ಕೆ ಬರುವುದಿಲ್ಲ ಅಂದಳು ಡಾಕ್ಟರಬಾಯಿ. ಹಳ್ಳಿಯಲ್ಲಿ ಇಲ್ಲ ಎಂಬ ಮಾತು ಸುಳ್ಳು, ಅಷ್ಟನ್ನು ಹೇಳಲಿಕ್ಕೆ ಬರುತ್ತದೆ. ಮೀಟಿಂಗಿನಲ್ಲಿ ಅಷ್ಟೇ ಸಾಕಾಯಿತು. ಹಂಸಭಾವಿ ಎಂದು ಆಯಿತು.

"ಒಂದ ಮಾತ ಕೇಳ್ತೇನ್ರಿ," ಎಂದೆ. "ಹೆಸರು ಕೇಳೂದಿಲ್ಲ. ಹೊಸದಾಗಿ ಸಿಕ್ಕವರೊಳಗ, ಮೊದಲ ನಾ ಕೇಳಿದಾಗ ಇಲ್ಲ ಅಂದವರು ಎಷ್ಟ ಮಂದಿ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಎಲ್ಲಾರೂ, ಅಮ್ಮಾರ."

ಸೂಜಿಯ ಡಾಕ್ಟರು ಹಂಸಭಾವಿಗೆ ಮೊದಲು ಬಂದ ದಿನ ಬಾಗಿಲು ಕಾಯಲು ನನ್ನನ್ನೇ ಕರೆದರು. ಬಾಗಿಲು ಕಾಯುವವಳಿಗೆ ಬಾಯಿ ಇರಬೇಕಲ್ಲ. ಆದರೆ ಕುರ್ಚಿಯನ್ನು ರಸ್ತೆಯ ಕಡೆಗೆ ಮುಖ ಮಾಡಿ ಹಾಕಿದ್ದರು, ಬಾಗಿಲು ನನ್ನ ಬೆನ್ನಿಗೆ. ಬಂದವರು ಬದಿಯ ಸಂದಿಯಿಂದ ನನ್ನ ಹಿಂದೆ ಹಾದು ಒಳಗೆ ಹೋಗಬೇಕು. ಹೀಗೆ ಮಾಡಿದ್ದು ಬೀಗತಿ ಎಂದು ಕೇಳದೆಯೇ ತಿಳಿಯಿತು. ಅವಳು ಒಳಗೆ ಇದ್ದಳು. ಮಗಳೂ ಬಂದಿದ್ದಳು. ಮುಂದೆ ಬಂದು ನಿಂತು, "ಅವ್ವಾ, ಉಂಡೀ?" ಅಂದಳು. ನಾನು ರಸ್ತೆ ನೋಡಿದೆ. ಸ್ವಲ್ಪ ಹೊತ್ತು ನಿಂತು ಹೋದಳು.

ಹೆಜ್ಜೆಗಳು ಬರತೊಡಗಿದವು. ಕಾಲುಂಗುರದವು, ರಬ್ಬರ್ ಚಪ್ಪಲಿಯವು, ಒಂದು ಕೋಲಿನದು. ಮಧ್ಯಾಹ್ನದ ಹೊತ್ತಿಗೆ ಒಬ್ಬಳು ನನ್ನ ಬೆನ್ನ ಹಿಂದೆ ಬಂದು ನಿಂತು ಕೆಮ್ಮಿದಳು. ನನ್ನ ಗೋಡೆಗೆ ಗೋಡೆ ಹತ್ತಿದ ಮನೆಯ ಕೆಮ್ಮು. ಹೆಪ್ಪಿಗೆ ಮಜ್ಜಿಗೆ ಬೇಕೆಂದು ದಿನಾ ನನ್ನ ಬಾಗಿಲಿಗೆ ಬರುವವಳು, ಹೊರಡುವಾಗ ಊರಿನ ಸುದ್ದಿಯನ್ನೆಲ್ಲ ಹೇಳಿ ಹೋಗುವವಳು. ಅವಳು ಒಳಗೆ ಹೋಗಲಿಲ್ಲ, ತಿರುಗಲೂ ಇಲ್ಲ. ನನ್ನ ಬೆನ್ನು ನೋಡುತ್ತಾ ನಿಂತಿದ್ದಾಳೆಂದು ಗೊತ್ತಾಯಿತು. ತಿರುಗಿ ಅವಳ ಹೆಸರು ಹಿಡಿದು ಕರೆಯಲು ನನ್ನ ನಾಲಗೆ ತುದಿಗೆ ಬಂದಿತ್ತು.

ರಸ್ತೆಯ ಕಡೆ ನೋಡುತ್ತಲೇ ಅಂದೆ, "ಒಳಗ ಜಾಗಾ ಐತಿ. ಯಾರರ ಇದ್ರ ಹೋಗ್ರಿ."